‘ಸ್ಕಿನ್ ಕಲರ್ ಕೊಡ್ರಿ ಮೇಡಂ’: ಸೂಪರ್‌ಹೀರೋ ಚಿತ್ರಕಥೆಗಳೊಂದಿಗೆ ಭಿನ್ನತೆಯ ಪಾಠ

ತರಗತಿ: ಹತ್ತು, ಕನ್ನಡ ಮಾಧ್ಯಮ. ವಿಷಯ: ವಿಜ್ಞಾನ. ಘಟಕ: ಅನುವಂಶೀಯತೆ. ಉಪಘಟಕ: ಭಿನ್ನತೆಗಳು, ಅನುವಂಶೀಯ ಗುಣ ಮತ್ತು ಗಳಿಸಿದ ಗುಣ. ಅವಧಿ: ಯೋಜಿಸಿದ್ದು 40 ನಿಮಿಷದ ಒಂದು ಪಿರಿಯಡ್, ತೆಗೆದುಕೊಂಡದ್ದು ಮೂರು.

ಅನುವಂಶೀಯತೆ ಎಂದರೆ ಮೆಂಡೆಲ್, ಮೆಂಡೆಲ್ ಎಂದರೆ ಬಟಾಣಿ ಗಿಡ. ಹಿಂದಿನ ಬ್ಯಾಚಿನವರ ಪಾಠ ಯೋಜನೆಗಳನ್ನು ತಿರುವಿ ಹಾಕಿದಾಗ ಎಲ್ಲದರ ಪೀಠಿಕೆಯಲ್ಲೂ ಅದೇ ಎತ್ತರದ ಗಿಡ, ಅದೇ ಕುಳ್ಳ ಗಿಡ ಇದ್ದವು. ನಾನು ಇಂಟರ್ನ್‌ಶಿಪ್‌ಗೆ ಹೋದ ಸರ್ಕಾರಿ ಪ್ರೌಢಶಾಲೆ ಹಗರಿಬೊಮ್ಮನಹಳ್ಳಿ ತಾಲ್ಲೂಕಿನದು. ಅಲ್ಲಿಯ ಮಕ್ಕಳು ಬಟಾಣಿಯನ್ನು ನೋಡಿರುವುದು ಸಂತೆಯಲ್ಲಿ, ಒಣಗಿದ ಕಾಳಿನ ರೂಪದಲ್ಲಿ. ಹಾಗಾಗಿ ಅವರು ನಿಜವಾಗಿ ಬಲ್ಲ ಏನನ್ನಾದರೂ ಹಿಡಿದು ಪಾಠ ಆರಂಭಿಸಬೇಕೆಂದುಕೊಂಡೆ. ವಿಚಾರಿಸಿದಾಗ ಗೊತ್ತಾಯಿತು: ಸ್ಪೈಡರ್‌ಮ್ಯಾನ್, ಹಲ್ಕ್, ಥಾರ್ ಎಲ್ಲರಿಗೂ ಗೊತ್ತು, ಟಿ.ವಿ.ಯಿಂದ ಮತ್ತು ಅಣ್ಣಂದಿರ ಮೊಬೈಲಿನಿಂದ. ಚಿತ್ರಕಥೆಯ ಪುಸ್ತಕವನ್ನು ಕೈಯಲ್ಲಿ ಹಿಡಿದವರು ಮಾತ್ರ ಮೂರೇ ಜನ.

ತರಗತಿಯಲ್ಲಿ 38 ಮಕ್ಕಳು. ಸುತ್ತಲಿನ ಹಳ್ಳಿಗಳಿಂದ, ಎರಡು ತಾಂಡಾಗಳಿಂದ ಬರುವವರು ಹೆಚ್ಚು. ಹಾಸ್ಟೆಲ್‌ನಲ್ಲಿದ್ದು ಓದುವ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಕಡೆಯವರು ಕೆಲವರು. ಪೀಠಿಕೆಯಾಗಿ ಒಂದು ಸಣ್ಣ ಚಟುವಟಿಕೆ ಇಟ್ಟಿದ್ದೆ: ಹತ್ತು ನಿಮಿಷದಲ್ಲಿ ನಿಮ್ಮದೇ ಒಬ್ಬ ಸೂಪರ್‌ಹೀರೋವನ್ನು ಬರೆದು ಬಣ್ಣ ತುಂಬಿ, ಅವನ ಶಕ್ತಿ ಹುಟ್ಟಿನಿಂದ ಬಂದದ್ದೋ ಆಮೇಲೆ ಬಂದದ್ದೋ ಕೆಳಗೆ ಬರೆಯಿರಿ. ಈಗ ಈ ವಾಕ್ಯವನ್ನು ಓದಿದರೆ ‘ಅವನ’ ಎಂಬ ಮಾತು ನನ್ನದೇ ಎಂದು ಕಾಣುತ್ತದೆ. ಅವತ್ತು ಕಾಣಲಿಲ್ಲ.

ಕ್ರೇಯಾನ್ಸ್ ಪೆಟ್ಟಿಗೆ ಎರಡೇ ಇದ್ದವು. ಐದು ನಿಮಿಷ ಕಳೆಯುವುದರೊಳಗೆ ಗದ್ದಲ ಆರಂಭವಾಯಿತು. “ಸ್ಕಿನ್ ಕಲರ್ ಕೊಡ್ರಿ ಮೇಡಂ, ಅಕಿ ಬಿಡವಲ್ಲಳು.” ಎಲ್ಲರಿಗೂ ಬೇಕಾಗಿದ್ದದ್ದು ಆ ತಿಳಿ ಗುಲಾಬಿ ಕಡ್ಡಿ. ಕಂದು ಬಣ್ಣದ ಕಡ್ಡಿಗಳು ತುದಿ ಸವೆಯದೆ ಹಾಗೇ ಬಿದ್ದಿದ್ದವು. ಮೂರನೇ ಬೆಂಚಿನ ಹುಡುಗಿಯೊಬ್ಬಳು ಮುಖಕ್ಕೆ ಬಣ್ಣ ತುಂಬದೆಯೇ ಹಾಳೆ ಕೊಟ್ಟಳು. ಯಾಕೆಂದರೆ “ಸ್ಕಿನ್ ಕಲರ್ ಖಾಲಿ ಆತ್ರಿ” ಎಂದಳು. ಕಂದು ಐತಲ್ಲ ಎಂದೆ. ನನ್ನನ್ನು ತಮಾಷೆ ಮಾಡುತ್ತಿದ್ದೀರಾ ಎನ್ನುವಂತೆ ನೋಡಿ, “ಹೀರೋಗ ಹಾಕಬೇಕ್ರಿ” ಎಂದಳು. ಆ ಹುಡುಗಿಯ ಬಣ್ಣವೂ ನನ್ನ ಬಣ್ಣವೂ ಆ ಕಂದು ಕಡ್ಡಿಯದೇ.

ಆಮೇಲೆ ಹಾಳೆಗಳನ್ನು ಎಣಿಸಿದೆ. ಹೆಣ್ಣು ನಾಯಕಿ ಇದ್ದದ್ದು ನಾಲ್ಕರಲ್ಲಿ. ಕಂದು ಮುಖ ಇದ್ದದ್ದು ಎರಡರಲ್ಲಿ, ಅದರಲ್ಲಿ ಒಬ್ಬ ಕಳ್ಳ.

ಪಾಠವೇನೋ ಮುಂದುವರಿಯಿತು. ಎಕ್ಸ್‌-ಮೆನ್ ಕಥೆ ಹೇಳಿ ಉತ್ಪರಿವರ್ತನೆಗೆ ಬಂದೆ. ಆಸ್ಪತ್ರೆಯಲ್ಲಿ ಎಕ್ಸ್‌-ರೇ ತೆಗೆಸಿಕೊಂಡರೆ ಶಕ್ತಿ ಬರುತ್ತದಾ ಎಂದು ಒಬ್ಬ ಕೇಳಿದ. ಉತ್ಪರಿವರ್ತನೆಗಳಲ್ಲಿ ಹೆಚ್ಚಿನವು ಯಾರ ಗಮನಕ್ಕೂ ಬಾರದಷ್ಟು ಸಣ್ಣವು, ಮುಂದಿನ ಪೀಳಿಗೆಗೆ ಹೋಗಬೇಕಾದರೆ ಲಿಂಗಾಣುಗಳ ಡಿಎನ್‌ಎಯಲ್ಲಿ ಬದಲಾವಣೆ ಆಗಿರಬೇಕು ಎಂದು ಹೇಳುವಷ್ಟರಲ್ಲಿ ಗಂಟೆ ಬಾರಿಸಿತು. ಅದಕ್ಕೂ ಮೊದಲು ಇನ್ನೊಂದು ಘಟನೆ ನಡೆದಿತ್ತು. ನಾಯಕಿಯರೂ ಇರುತ್ತಾರೆ ಎಂದು ತೋರಿಸಲು ರಾತ್ರಿ ಕೂತು ಒಂದು ಚಾರ್ಟ್ ಬರೆದುಕೊಂಡು ಹೋಗಿದ್ದೆ: ಸ್ಪೈಡರ್‌ಮ್ಯಾನ್‌ನ ಅದೇ ಭಂಗಿ, ಅದೇ ದಿರಿಸು, ಹಿಂದೆ ಎರಡು ಜಡೆ. ಚಾರ್ಟ್ ತೂಗುಹಾಕಿ, “ಇದು ಯಾರು?” ಎಂದು ಕೇಳಿದೆ. ಹಿಂದಿನ ಬೆಂಚಿನ ಒಬ್ಬ ಹುಡುಗಿ ಕೂತಲ್ಲಿಂದಲೇ ಹೇಳಿದಳು: “ಹುಡುಗಿ ಅಲ್ರಿ ಅದು. ಹುಡುಗಗ ಜಡಿ ಹಾಕೀರಿ.”

ಇಡೀ ತರಗತಿ ನಕ್ಕಿತು. ನಾನೂ ನಕ್ಕೆ, ಆದರೆ ಬಸ್ಸಿನಲ್ಲಿ ಕೂತಾಗ ನಗು ಬರಲಿಲ್ಲ. ವೀಕ್ಷಣಾ ಪುಸ್ತಕದಲ್ಲಿ ಮಾರ್ಗದರ್ಶಿ ಶಿಕ್ಷಕರು ಒಂದೇ ಸಾಲು ಬರೆದಿದ್ದರು: “ಪ್ರೇರಣೆ ಚೆನ್ನಾಗಿದೆ, ಪಾಠ ಎಲ್ಲಿ?” ಅವರ ಪ್ರಶ್ನೆಗೆ ಉತ್ತರ ಹುಡುಕುವುದಕ್ಕಿಂತ ಆ ಹುಡುಗಿಯ ಮಾತಿಗೆ ಉತ್ತರ ಹುಡುಕುವುದೇ ನನಗೆ ಕಷ್ಟವಾಯಿತು. ಒಂದು ವಾರ ಓದಿದೆ. ಓದಿದ್ದರಲ್ಲಿ ತರಗತಿಗೆ ಉಪಯೋಗವಾದದ್ದನ್ನಷ್ಟೇ ಇಲ್ಲಿ ಹೇಳುತ್ತೇನೆ.

ಈ ಕಥೆಗಳು ನಾವು ಅಂದುಕೊಂಡದ್ದಕ್ಕಿಂತ ಹಳೆಯವು. ಸೂಪರ್‌ಮ್ಯಾನ್ ಬಂದದ್ದು 1938ರಲ್ಲಿ, ಬ್ಯಾಟ್‌ಮ್ಯಾನ್ 1939ರಲ್ಲಿ, ವಂಡರ್ ವುಮನ್ 1941ರಲ್ಲಿ. ಸೂಪರ್‌ಮ್ಯಾನ್‌ನನ್ನು ಸೃಷ್ಟಿಸಿದ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ವಲಸೆ ಬಂದ ಯಹೂದಿ ಕುಟುಂಬಗಳ ಹುಡುಗರು. ಅವರ ನಾಯಕನೂ ಬೇರೆ ಗ್ರಹದಿಂದ ಬಂದ ವಲಸಿಗನೇ. ಆದರೂ ಅವನ ಮುಖ ಮಾತ್ರ ಆಗಿನ ಅಮೆರಿಕದ ಬಿಳಿಯ ಗಂಡಸಿನದು. ಒಬ್ಬ ಲೇಖಕನ ಕಾದಂಬರಿ ಆ ಲೇಖಕನೊಂದಿಗೆ ನಿಲ್ಲುತ್ತದೆ. ಇವು ಹಾಗೆ ನಿಲ್ಲುವುದಿಲ್ಲ. ಪಾತ್ರದ ಒಡೆತನ ಕಂಪನಿಯದು. ಬರೆಯುವವರು, ಚಿತ್ರ ಬಿಡಿಸುವವರು ಬದಲಾಗುತ್ತಾ ಹೋಗುತ್ತಾರೆ. ನಾಯಕನಿಗೆ ವಯಸ್ಸಾಗುವುದಿಲ್ಲ, ಓದುಗರಿಗೆ ಆಗುತ್ತದೆ. ಹೊಸ ಓದುಗರು ಬೇರೆಯವರಾಗಿ ಬಂದಾಗ, ಹಳೆಯ ಮುಖವಾಡದೊಳಗೆ ಹೊಸ ವ್ಯಕ್ತಿಯನ್ನು ಕೂರಿಸುವ ಉಪಾಯ ಹುಟ್ಟುತ್ತದೆ.

ಈ ಉಪಾಯ ನಮ್ಮ ಅಪ್ಪ, ಮಾವಂದಿರಿಗೆ ಗೊತ್ತಿದ್ದದ್ದೇ. ‘ಸುಧಾ’ ವಾರಪತ್ರಿಕೆ ಮನೆಗೆ ಬಂದರೆ ಫ್ಯಾಂಟಮ್ ಪುಟಕ್ಕೆ ಮೊದಲು ಜಗಳವಾಗುತ್ತಿತ್ತು ಎಂದು ನಮ್ಮ ಸೋದರಮಾವ ಈಗಲೂ ಹೇಳುತ್ತಾರೆ. ಲೀ ಫಾಕ್ 1936ರಲ್ಲಿ ಆರಂಭಿಸಿದ ಫ್ಯಾಂಟಮ್ ಸಾವಿಲ್ಲದವನು ಎಂದು ಕಾಡಿನ ಜನ ನಂಬುತ್ತಾರೆ. ನಿಜವಾಗಿ ಅವನು ಇಪ್ಪತ್ತೊಂದನೆಯವನು, ಮುಖವಾಡ ಅಪ್ಪನಿಂದ ಮಗನಿಗೆ ಬರುತ್ತದೆ. ಇಂದ್ರಜಾಲ್ ಕಾಮಿಕ್ಸ್‌ನವರು ಭಾರತದ ಓದುಗರಿಗೆ ಮುಜುಗರ ಆಗದಿರಲೆಂದು ಕಥೆಯ ‘ಬೆಂಗಾಲಿ’ ಎಂಬ ನಾಡನ್ನು ‘ಡೆಂಕಾಲಿ’ ಮಾಡಿದರು, ಕಡಲ್ಗಳ್ಳರ ‘ಸಿಂಗ್’ ಎಂಬ ಹೆಸರನ್ನು ‘ಸಿಂಗಾ’ ಮಾಡಿದರು. ಹೆಸರು ತಿದ್ದಿದರು ಸರಿ. ಕರಿಯರ ಕಾಡನ್ನು ತಲೆತಲಾಂತರದಿಂದ ಒಬ್ಬ ಬಿಳಿಯ ಕಾಯುತ್ತಾನೆ ಎಂಬ ಕಥೆಯ ಬೆನ್ನೆಲುಬು ಹಾಗೇ ಉಳಿಯಿತು. ನಮ್ಮ ಮಾವನಿಗೆ ಇದನ್ನು ಹೇಳಿದೆ. “ಆಗ ನಾವು ಅದನ್ನ ನೋಡಲೇ ಇಲ್ಲಲ್ಲವ್ವಾ” ಎಂದು ಸ್ವಲ್ಪ ಹೊತ್ತು ಸುಮ್ಮನಾದರು.

ಎಕ್ಸ್‌-ಮೆನ್ ಇನ್ನೊಂದು ಬಗೆಯ ಉದಾಹರಣೆ, ಜೀವವಿಜ್ಞಾನ ಹೇಳಿಕೊಡುವವರಿಗೆ ಹತ್ತಿರದ್ದು. ಹುಟ್ಟಿನಿಂದಲೇ ಬೇರೆಯಾಗಿರುವ, ಅದಕ್ಕಾಗಿ ಜನ ಹೆದರುವ, ದ್ವೇಷಿಸುವ ಗುಂಪಿನ ಕಥೆ ಅದು. 1963ರಲ್ಲಿ ಸ್ಟ್ಯಾನ್ ಲೀ ಮತ್ತು ಜಾಕ್ ಕರ್ಬಿ ಅದನ್ನು ಆರಂಭಿಸಿದಾಗ ಆ ಗುಂಪಿನಲ್ಲಿದ್ದವರು ನಾಲ್ವರು ಹುಡುಗರು, ಒಬ್ಬಳು ಹುಡುಗಿ, ಐವರೂ ಬಿಳಿಯರು. ಭಿನ್ನತೆಯ ಬಗ್ಗೆಯೇ ಇರುವ ಕಥೆಯಲ್ಲಿ ನೋಡಲು ಭಿನ್ನರಾದವರೇ ಇರಲಿಲ್ಲ. 1975ರಲ್ಲಿ ಲೆನ್ ವೀನ್ ಮತ್ತು ಡೇವ್ ಕಾಕ್ರಮ್ ಹೊಸ ತಂಡ ಕಟ್ಟಿದರು: ಕೆನ್ಯಾದ ತಾಯಿಯ ಮಗಳು ಸ್ಟಾರ್ಮ್, ಜರ್ಮನಿಯ ನೈಟ್‌ಕ್ರಾಲರ್, ರಷ್ಯಾದ ಕೊಲೊಸಸ್, ಜಪಾನಿನ ಸನ್‌ಫೈರ್, ಅಮೆರಿಕದ ಮೂಲನಿವಾಸಿ ಅಪಾಚೆ ಜನರ ಥಂಡರ್‌ಬರ್ಡ್. ಮೂಲನಿವಾಸಿಯನ್ನು ಮಾತ್ರ ಅದೇ ವರ್ಷ ಕೊಂದುಹಾಕಿದರು. ಸೇರಿಸಿಕೊಳ್ಳುವುದು ಬೇರೆ, ಉಳಿಸಿಕೊಳ್ಳುವುದು ಬೇರೆ ಎಂದು ನನ್ನ ನೋಟ್‌ಬುಕ್‌ನಲ್ಲಿ ಬರೆದುಕೊಂಡೆ.

ಆಮೇಲಿನ ಬದಲಾವಣೆಗಳ ಪಟ್ಟಿ ಉದ್ದ ಇದೆ. ಬ್ಲ್ಯಾಕ್ ಪ್ಯಾಂಥರ್ 1966ರಲ್ಲೇ ಬಂದ. ಅವನ ಸ್ವಂತ ಸಿನಿಮಾ ಬರಲು 2018ರವರೆಗೆ ಕಾಯಬೇಕಾಯಿತು. ವಂಡರ್ ವುಮನ್‌ಗೂ ಅಷ್ಟೇ, ಅವಳದೇ ಹೆಸರಿನ ದೊಡ್ಡ ಸಿನಿಮಾ 2017ರಲ್ಲಿ. ಸಿನಿಮಾಕ್ಕೆ ಹಣ ಹೆಚ್ಚು, ಧೈರ್ಯ ಕಡಿಮೆ. 2014ರಲ್ಲಿ ಥಾರ್‌ನ ಸುತ್ತಿಗೆ ಜೇನ್ ಫಾಸ್ಟರ್ ಎಂಬ ಹೆಂಗಸಿನ ಕೈಗೆ ಬಂತು, ಕ್ಯಾಪ್ಟನ್ ಅಮೆರಿಕಾನ ಗುರಾಣಿ ಸ್ಯಾಮ್ ವಿಲ್ಸನ್ ಎಂಬ ಕಪ್ಪು ನಾಯಕನ ಕೈಗೆ ಬಂತು. ಕೆಲವೇ ವರ್ಷಗಳಲ್ಲಿ ಹಳಬರು ಪುಸ್ತಕಕ್ಕೆ ವಾಪಸಾದರು. ಕಂಪನಿಗಳು ಇದನ್ನೆಲ್ಲ ಬರೀ ಒಳ್ಳೆಯತನದಿಂದ ಮಾಡುತ್ತವೆ ಎಂದು ನಾನು ನಂಬುವುದಿಲ್ಲ. ಹೊಸ ಮುಖ ಬಂದ ತಿಂಗಳು ಪುಸ್ತಕ ಹೆಚ್ಚು ಮಾತಿಗೆ ಬರುತ್ತದೆ. ವಿರೋಧವನ್ನೂ ಹಾಗೇ ತೂಗಿ ನೋಡಬೇಕು. ‘ಮೂಲ ಹೀಗಿರಲಿಲ್ಲ’ ಎನ್ನುವವರಿಗೆ ಹಲ್ಕ್‌ನ ಉದಾಹರಣೆ ಸಾಕು. 1962ರ ಮೊದಲ ಸಂಚಿಕೆಯಲ್ಲಿ ಅವನು ಬೂದು ಬಣ್ಣದವನು. ಮುದ್ರಣದಲ್ಲಿ ಬೂದು ಸರಿಯಾಗಿ ಬರಲಿಲ್ಲವೆಂದು ಎರಡನೇ ಸಂಚಿಕೆಗೆ ಹಸಿರು ಮಾಡಿದರು. ಹಸಿರು ಚರ್ಮವನ್ನು ತಕರಾರಿಲ್ಲದೆ ಒಪ್ಪಿದ ಓದುಗರ ಲೋಕ ಕಪ್ಪು ಚರ್ಮಕ್ಕೆ ತಕರಾರು ತೆಗೆಯಿತು. (ಇದನ್ನು ಹರಪನಹಳ್ಳಿ ಕಡೆಯ ಹುಡುಗನಿಗೆ ಹೇಳಿದಾಗ ಅವನು ತಮ್ಮೂರಿನ ಲೆಕ್ಕ ಹೇಳಿದ: ಬಳ್ಳಾರಿ ಜಿಲ್ಲೆಯಲ್ಲಿತ್ತು, 1997ರಲ್ಲಿ ದಾವಣಗೆರೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಬಂತು, 2021ರಿಂದ ವಿಜಯನಗರ ಜಿಲ್ಲೆ. “ಮೂಲ ಯಾವುದಂತ ಹೇಳೋದ್ರಿ?”)

ನನ್ನ ಎರಡು ಜಡೆಯ ಚಾರ್ಟ್ ಯಾಕೆ ಸೋತಿತು ಎಂಬುದಕ್ಕೆ ಉತ್ತರ ಸಿಕ್ಕಿದ್ದು ಎರಡು ಪಾತ್ರಗಳಲ್ಲಿ. 2011ರಲ್ಲಿ ಬ್ರಯಾನ್ ಮೈಕೆಲ್ ಬೆಂಡಿಸ್ ಮತ್ತು ಸಾರಾ ಪಿಕೆಲ್ಲಿ ತಂದ ಮೈಲ್ಸ್ ಮೊರಾಲೆಸ್ ಕಪ್ಪು ತಂದೆ, ಪೋರ್ಟೊ ರಿಕೊ ಮೂಲದ ತಾಯಿಯ ಮಗ. ಅವನು ಪೀಟರ್ ಪಾರ್ಕರ್‌ನ ದಿರಿಸಿಗೆ ಬೇರೆ ಬಣ್ಣ ಬಳಿದುಕೊಂಡು ಬಂದವನಲ್ಲ. ಅವನಿಗೆ ಬೇರೆ ಮನೆ, ಬೇರೆ ಅಪ್ಪ, ಬೇರೆ ಭಯ ಇದೆ. 2018ರ ‘ಇನ್‌ಟು ದ ಸ್ಪೈಡರ್‌-ವರ್ಸ್’ ಅನಿಮೇಷನ್ ಸಿನಿಮಾ ಜನರಿಗೆ ಹಿಡಿಸಿದ್ದೂ ಅದರಿಂದಲೇ.

ಇನ್ನೊಬ್ಬಳು ಕಮಲಾ ಖಾನ್. ಸನಾ ಅಮಾನತ್, ಜಿ. ವಿಲ್ಲೋ ವಿಲ್ಸನ್ ಮತ್ತು ಏಡ್ರಿಯನ್ ಅಲ್ಫೋನಾ ರೂಪಿಸಿದ, ಅಮೆರಿಕದ ಜರ್ಸಿ ಸಿಟಿಯಲ್ಲಿ ಬೆಳೆದ ಪಾಕಿಸ್ತಾನ ಮೂಲದ ಮುಸ್ಲಿಂ ಮನೆಯ ಹುಡುಗಿ. ಅವಳದೇ ಚಿತ್ರಕಥೆ 2014ರಲ್ಲಿ ಆರಂಭವಾಯಿತು. ಬೇಕಾದ ಆಕಾರ ತಾಳುವ ಶಕ್ತಿ ಸಿಕ್ಕಾಗ ಅವಳು ಮೊದಲು ತಾಳುವುದು ಯಾರ ರೂಪ? ಹೊಂಗೂದಲಿನ, ಬಿಳಿಯ, ಹಳೆಯ ಮಿಸ್ ಮಾರ್ವೆಲ್‌ಳ ರೂಪ. ನಾಯಕಿ ಎಂದರೆ ಅವಳಿಗೂ ಅದೇ. ಆ ದಿರಿಸು ಒಗ್ಗುವುದಿಲ್ಲ, ಕೂದಲು ಕಣ್ಣಿಗೆ ಬೀಳುತ್ತದೆ. ನಿಧಾನವಾಗಿ ತನ್ನ ಮುಖದಲ್ಲೇ ನಾಯಕಿಯಾಗುತ್ತಾಳೆ. ಇದನ್ನು ಓದಿದಾಗ ಸ್ಕಿನ್ ಕಲರ್ ಖಾಲಿಯಾಯಿತೆಂದು ಮುಖ ಖಾಲಿ ಬಿಟ್ಟ ನನ್ನ ವಿದ್ಯಾರ್ಥಿನಿಯ ಹಾಳೆಯನ್ನು ಮತ್ತೆ ತೆಗೆದು ನೋಡಿದೆ. 2022ರಲ್ಲಿ ಇದು ದೃಶ್ಯ ಸರಣಿಯಾದಾಗ ಶಕ್ತಿಯ ಮೂಲವನ್ನೇ ಬದಲಿಸಿದರು: ಅಜ್ಜಿಯ ಕಾಲದಿಂದ ಮನೆಯಲ್ಲಿದ್ದ ಒಂದು ಬಳೆ, ಅದರ ಹಿಂದೆ 1947ರ ದೇಶ ವಿಭಜನೆಯ ಕಥೆ. ಹಳೆಯ ಓದುಗರು ಕೆಲವರು ಇದನ್ನು ಇಷ್ಟಪಡಲಿಲ್ಲ. ಆಕಾರ ಬದಲಿಸುವ ಶಕ್ತಿ ಹೋದದ್ದರಿಂದ ಪರರ ರೂಪ ತಾಳುವ ಆ ಒಳ್ಳೆಯ ಪ್ರಸಂಗವೂ ಹೋಯಿತು ಎಂಬ ಬೇಸರ ನನಗೂ ಇದೆ. ಆದರೆ ಬಳೆ ನನ್ನ ತರಗತಿಗೆ ಹತ್ತಿರ.

ನಮ್ಮ ಕಡೆಯ ಚಿತ್ರಕಥೆಗಳೂ ಈ ವಿಚಾರದಲ್ಲಿ ಹೊರತಲ್ಲ. ಕಾರ್ಕಳ ಮೂಲದ ಅನಂತ ಪೈ 1967ರಿಂದ ಸಂಪಾದಿಸಿದ ಅಮರ ಚಿತ್ರಕಥೆಯನ್ನು ನಾನೂ ಓದಿ ಬೆಳೆದವಳು. ಅದರಲ್ಲಿ ರಾಮ, ಕೃಷ್ಣರು ತಿಳಿ ನೀಲಿ, ರಾಜರಾಣಿಯರು ಗುಲಾಬಿ, ರಾಕ್ಷಸರು ಕಪ್ಪು ಅಥವಾ ಗಾಢ ಕಂದು ಆಗಿರುವುದನ್ನು ವಿಮರ್ಶಕರು ಎಷ್ಟೋ ಸಲ ಎತ್ತಿ ತೋರಿಸಿದ್ದಾರೆ. ಅದಕ್ಕೂ ಹಿಂದಿನ ನಮ್ಮ ತೊಗಲು ಗೊಂಬೆಯಾಟದಲ್ಲಿ ಕಪ್ಪು ಮೈಯ ಕಿಳ್ಳೇಕ್ಯಾತ ಹಾಸ್ಯಗಾರ, ಅವನು ಬಂದರೆ ಜನ ನಗಬೇಕು. ಪರದೆಯ ಮೇಲೆ ಬಣ್ಣದ ಬೆಳಕಿನಲ್ಲಿ ಕಥೆ ಹೇಳುವ ಆ ಕಲೆಗೆ ಸಿನಿಮಾದ ಅಜ್ಜ ಎನ್ನಬಹುದು. ಅದೂ ನಿಂತ ನೀರಾಗಿರಲಿಲ್ಲ. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ರಾಮಾಯಣದ ಗೊಂಬೆಗಳ ಜೊತೆಗೆ ಗಾಂಧೀಜಿಯ ಕಥೆಯನ್ನೂ ತೊಗಲಿಗೆ ತಂದರು. 2004ರಲ್ಲಿ ಬೆಂಗಳೂರಿನ ಕಲಾವಿದ ಜೀವನ್ ಕಾಂಗ್, ಶರದ್ ದೇವರಾಜನ್ ಮತ್ತು ಸುರೇಶ್ ಸೀತಾರಾಮನ್ ಜೊತೆ ಸೇರಿ ಧೋತ್ರ ಉಟ್ಟ ಸ್ಪೈಡರ್‌ಮ್ಯಾನ್‌ನನ್ನು ತಂದರು. ಅವನ ಹೆಸರು ಪವಿತ್ರ ಪ್ರಭಾಕರ್. ಪೀಟರ್ ಪಾರ್ಕರ್ ಎಂಬುದನ್ನೇ ಒಂದಿಷ್ಟು ತಿರುಚಿದ ಹೆಸರು. ಮೇರಿ ಜೇನ್ ಮೀರಾ ಜೈನ್ ಆದಳು. ನನಗೆ ಇದು ನನ್ನ ಚಾರ್ಟಿನ ದೊಡ್ಡಣ್ಣನಂತೆ ಕಂಡಿತು. 2023ರ ‘ಅಕ್ರಾಸ್ ದ ಸ್ಪೈಡರ್‌-ವರ್ಸ್’ ಸಿನಿಮಾದಲ್ಲಿ ಅದೇ ಪವಿತ್ರ ಸ್ವಂತ ಊರು, ಸ್ವಂತ ಮಾತಿನ ಧಾಟಿ ಇರುವ ಹುಡುಗನಾಗಿ ಬಂದ. ಆ ಸಿನಿಮಾ ಕನ್ನಡಕ್ಕೂ ಡಬ್ ಆಯಿತು. ತರಗತಿಯಲ್ಲಿ ಐದಾರು ಹುಡುಗರು ಅವನನ್ನು ಬಲ್ಲವರಿದ್ದರು.

ಇಷ್ಟನ್ನು ತಲೆಯಲ್ಲಿಟ್ಟುಕೊಂಡು ಎರಡನೇ ಪಾಠವನ್ನು ಯೋಜಿಸಿದೆ. ಮೊದಲ ಯೋಜನೆಯಲ್ಲಿ ಒಂದು ದೊಡ್ಡ ತಪ್ಪಿತ್ತು, ಅದನ್ನು ಸಹಪಾಠಿಗಳಿಗಾಗಿ ಹೇಳಲೇಬೇಕು. ಭಿನ್ನತೆಗೆ ನಕ್ಷೆ ಬರೆಸಬೇಕಲ್ಲ, ತರಗತಿಯ ಮಕ್ಕಳ ಚರ್ಮದ ಬಣ್ಣವನ್ನೇ ತಿಳಿಯಿಂದ ಗಾಢದವರೆಗೆ ಸಾಲಾಗಿ ಜೋಡಿಸೋಣ ಎಂದು ಬರೆದಿದ್ದೆ. ಮಾರ್ಗದರ್ಶಿ ಶಿಕ್ಷಕರು ಪೆನ್ನಿನಿಂದ ಅಡ್ಡಗೆರೆ ಎಳೆದರು. “ಸಾಲಿನ ಕೊನೆಗೆ ನಿಲ್ಲೋ ಮಗುವಿನ ಹೆಸರು ಮಧ್ಯಾಹ್ನದೊಳಗೆ ಬದಲಾಗ್ತದಮ್ಮ” ಎಂದರು. ಎಷ್ಟು ನಿಜ. ನನಗೂ ಏಳನೇ ತರಗತಿಯಲ್ಲಿ ಅಂಥ ಒಂದು ಹೆಸರಿತ್ತು, ಗೊತ್ತಿದ್ದೂ ಬರೆದಿದ್ದೆ. ಎಣಿಸಿ ನಕ್ಷೆ ಬರೆಯಲು ಪಠ್ಯದಲ್ಲಿರುವ ಕಿವಿಹಾಲೆಯೇ ಸಾಕು, ಅಂಟಿಕೊಂಡದ್ದೋ ಬಿಡಿಯಾದದ್ದೋ. ಕಿವಿಹಾಲೆ ಹಿಡಿದು ಯಾರೂ ಯಾರನ್ನೂ ಹೀಯಾಳಿಸುವುದಿಲ್ಲ.

ಬಣ್ಣಕ್ಕೆ ಬೇರೆ ದಾರಿ ಹಿಡಿದೆ. ಪ್ರತಿ ಮಗು ತನ್ನದೇ ಕೈ ನೋಡಿಕೊಳ್ಳಬೇಕು: ಮುಂಗೈಯ ಹೊರಭಾಗ ಒಂದು ಬಣ್ಣ, ತೋಳಿನ ಒಳಭಾಗ ಇನ್ನೊಂದು ಬಣ್ಣ. ಒಬ್ಬರೇ ಮನುಷ್ಯರು, ಒಂದೇ ಡಿಎನ್‌ಎ, ಎರಡು ಬಣ್ಣ ಹೇಗೆ? “ಬಿಸಿಲಿಗ್ರಿ” ಎಂದು ಮೂಲೆ ಮೂಲೆಯಿಂದ ಉತ್ತರ ಬಂತು. ಇಲ್ಲಿಂದ ಮೆಲನಿನ್‌ಗೆ ಹೋಗುವುದು ಸುಲಭ. ಬಣ್ಣದ ವ್ಯತ್ಯಾಸ ಮೆಲನಿನ್ ತಯಾರಿಸುವ ಕ್ರೇಯಾನ್‌ ಕಡ್ಡಿಗಳ ಸಂಖ್ಯೆಯಿಂದ ಬರುವುದಿಲ್ಲ, ಅಂದರೆ ಆ ಕೋಶಗಳು ಎಲ್ಲರಲ್ಲೂ ಹೆಚ್ಚುಕಡಿಮೆ ಅಷ್ಟೇ ಇರುತ್ತವೆ. ಅವು ಎಷ್ಟು, ಯಾವ ಬಗೆಯ ಮೆಲನಿನ್ ಮಾಡುತ್ತವೆ ಎಂಬುದರಲ್ಲಿದೆ ವ್ಯತ್ಯಾಸ. ಬಟಾಣಿಯ ಎತ್ತರದಂತೆ ಇದು ಒಂದು ಜೋಡಿ ಅಂಶಗಳ ಕೆಲಸವಲ್ಲ, ಅನೇಕ ಜೀನ್‌ಗಳು ಸೇರಿ ಮಾಡುವ ಕೆಲಸ. ಮೆಲನಿನ್ ಬಿಸಿಲಿನ ಅತಿನೇರಳೆ ಕಿರಣಗಳಿಂದ ಚರ್ಮವನ್ನು ಕಾಯುತ್ತದೆ ಎಂದಾಗ, “ಹಂಗಾದ್ರ ಶಕ್ತಿ ಇರೋದು ಕಂದು ಕಡ್ಡಿಗೇ ಅಲ್ಲೇನ್ರಿ” ಎಂದ ಒಬ್ಬ. ತಿಳಿ ಬಣ್ಣದ ಚರ್ಮಕ್ಕೂ ಬಿಸಿಲು ಕಡಿಮೆ ಇರುವ ನಾಡಿನಲ್ಲಿ ಅನುಕೂಲವಿದೆ, ವಿಟಮಿನ್ ಡಿ ತಯಾರಾಗುವುದು ಸುಲಭ ಎಂದು ಸೇರಿಸಿದೆ. ಒಂದು ಏಣಿಯನ್ನು ಕೆಡವಿ ಅದೇ ಏಣಿಯನ್ನು ತಲೆಕೆಳಗು ನಿಲ್ಲಿಸುವುದು ಬೇಡವೆಂದು.

ಅಂದು ಕ್ರೇಯಾನ್ಸ್ ಪೆಟ್ಟಿಗೆ ತೆಗೆಯಲಿಲ್ಲ. ಕೂಡ್ಲಿಗಿ ಕಡೆಯ ಕೆಂಪು ಮಸಾರಿ, ಊರ ಹೊಲದ ಎರೆಮಣ್ಣು, ಅರಿಶಿನ, ಚಹಾ ಡಿಕಾಕ್ಷನ್, ಇದ್ದಿಲಿನ ಪುಡಿ, ರಂಗೋಲಿ ಪುಡಿ, ಗೋಂದು: ಇವನ್ನು ಮುಚ್ಚಳಗಳಲ್ಲಿ ಇಟ್ಟೆ. ನಿಮ್ಮ ನಾಯಕ ಅಥವಾ ನಾಯಕಿಗೆ ಬೇಕಾದ ಮೈಬಣ್ಣವನ್ನು ನೀವೇ ಕಲಸಿಕೊಳ್ಳಿ ಎಂದೆ. ಯಾರ ಬಣ್ಣಕ್ಕೂ ಹೋಲಿಸಿ ಎಂದು ಹೇಳಲಿಲ್ಲ. ಮಕ್ಕಳು ತಾವೇ ಬೆರಳಿನಿಂದ ಕೈಮೇಲೆ ಹಚ್ಚಿ ನೋಡಿಕೊಳ್ಳತೊಡಗಿದರು. ಶಾಲೆಯ ನಲ್ಲಿಯ ಬಳಿ ಆ ಮಧ್ಯಾಹ್ನ ಆದ ಕೆಸರಿಗೆ ಮುಖ್ಯ ಶಿಕ್ಷಕರ ಕ್ಷಮೆ ಕೇಳಿದ್ದೇನೆ.

ಚಿತ್ರದ ಜೊತೆ ಮೂರು ಪ್ರಶ್ನೆ ಇಟ್ಟಿದ್ದೆ: ಇವರ ಮನೆ ಎಲ್ಲಿದೆ? ಬೆಳಿಗ್ಗೆ ಎದ್ದು ಏನು ಕೆಲಸ ಮಾಡುತ್ತಾರೆ? ಯಾವುದಕ್ಕೆ ಹೆದರುತ್ತಾರೆ? ಉದಾಹರಣೆಯಾಗಿ ಓಬವ್ವನ ಕಥೆ ಹೇಳಿದೆ. ಚಿತ್ರದುರ್ಗದ ಕೋಟೆಯ ಕಾವಲುಗಾರನ ಹೆಂಡತಿ, ಛಲವಾದಿ ಸಮುದಾಯದವಳು. ಗಂಡ ಊಟಕ್ಕೆ ಕೂತಾಗ ನೀರಿಗೆ ಹೋಗಿ, ಹೈದರಾಲಿಯ ಸೈನಿಕರು ಕಿಂಡಿಯಿಂದ ನುಸುಳುವುದನ್ನು ಕಂಡವಳು. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಅವಳ ತವರೆಂದು ಈ ಭಾಗದವರು ಹೇಳುತ್ತಾರೆ. 1972ರ ‘ನಾಗರಹಾವು’ ಸಿನಿಮಾದಲ್ಲಿ ಜಯಂತಿಯವರ ಓಬವ್ವನನ್ನು ಕಂಡವರಿಗೆ ಈಗಲೂ ಅದೇ ಮುಖ. ಅವಳ ಕೈಗೆ ಒನಕೆ ಬಿಟ್ಟು ಕತ್ತಿ ಕೊಟ್ಟರೆ ಏನಾಗುತ್ತದೆ ಎಂದು ಕೇಳಿದೆ. ಆ ಜಡೆಯ ಮಾತಿನ ಹುಡುಗಿಯೇ ಉತ್ತರಿಸಿದಳು: “ಆಗ ಅಕಿ ಯಾವ್ದೋ ರಾಣಿ ಆಗ್ತಾಳ್ರಿ. ಒನಕಿ ಅಕಿ ಮನ್ಯಾಗಿಂದು.”

ಬಂದ ಹಾಳೆಗಳಲ್ಲಿ ಎಲ್ಲವೂ ಚೆನ್ನಾಗಿದ್ದವು ಎನ್ನಲಾರೆ. ಹತ್ತಾರು ಹಾಳೆಗಳಲ್ಲಿ ಅದೇ ಹಳೆಯ ನಾಯಕನಿಗೆ ಮಸಾರಿ ಬಳಿದಿದ್ದರು. ಆದರೆ ತಾಂಡಾದ ಹುಡುಗಿಯೊಬ್ಬಳು ಅಜ್ಜಿಯ ಕನ್ನಡಿ ಹಚ್ಚಿದ ಲಂಗ ತೊಟ್ಟ ನಾಯಕಿಯನ್ನು ಬರೆದಿದ್ದಳು. ಬಿಸಿಲು ಆ ಕನ್ನಡಿಗಳಿಗೆ ಬಿದ್ದು ವೈರಿಯ ಕಣ್ಣು ಕುಕ್ಕುತ್ತದೆ. ಮೋಡ ಕವಿದ ದಿನ ಅವಳಿಗೆ ಶಕ್ತಿ ಇಲ್ಲ. ‘ಯಾವುದಕ್ಕೆ ಹೆದರುತ್ತಾಳೆ’ ಎಂಬಲ್ಲಿ ಮೋಡಕ್ಕೆ ಎಂದು ಬರೆದಿರಲಿಲ್ಲ. ‘ಅವ್ವ ಅಪ್ಪ ಕಬ್ಬು ಕಡಿಯಾಕ ಗುಳೆ ಹೋದಾಗ ರಾತ್ರಿಗೆ’ ಎಂದು ಬರೆದಿದ್ದಳು. ಇನ್ನೊಂದು ಹಾಳೆಯಲ್ಲಿ ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ ಇದ್ದರು. ಜಾನಪದ ಅಕಾಡೆಮಿಯ ಅಧ್ಯಕ್ಷರಾದ, 2021ರಲ್ಲಿ ಪದ್ಮಶ್ರೀ ಸ್ವೀಕರಿಸುವಾಗ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದ ಅವರ ವಿಡಿಯೊವನ್ನು ಆ ಹುಡುಗ ನೋಡಿದ್ದ. ‘ಶಕ್ತಿ: ದೃಷ್ಟಿ ತೆಗೆಯುವುದು’ ಎಂದಷ್ಟೇ ಬರೆದಿದ್ದ. ಯಾರೂ ನಗಲಿಲ್ಲ.

ಚರ್ಚೆಯಲ್ಲಿ ಎರಡು ಮಾತು ನನ್ನ ಯೋಜನೆಯನ್ನು ಮೀರಿ ಬಂದವು. ಹಡಗಲಿ ಕಡೆಯ ಹುಡುಗನೊಬ್ಬ, ತಮ್ಮಪ್ಪ ಬಯಲಾಟದಲ್ಲಿ ದ್ರೌಪದಿ ಪಾರ್ಟು ಮಾಡುತ್ತಿದ್ದರು ಎಂದ. ಈಗ ಹೆಣ್ಣುಮಕ್ಕಳನ್ನೇ ಕರೆಸುತ್ತಾರೆ. “ಅವರು ಚೊಲೋ ಮಾಡ್ತಾರ್ರಿ. ಆದ್ರ ನಮ್ಮಪ್ಪ ಈಗ ಆಟ ನೋಡಾಕೂ ಬರಂಗಿಲ್ಲ.” ಹೆಣ್ಣಿನ ಪಾತ್ರ ಹೆಣ್ಣಿಗೇ ಸಿಕ್ಕಿದ್ದು ಒಳ್ಳೆಯದೆಂದು ನಾನು ಹೇಳಬೇಕೆಂದಿದ್ದೆ, ಹೇಳಿದೆ ಕೂಡ. ಆದರೆ ಮುಖವಾಡ ಕೈ ಬದಲಾದಾಗ ಕೊಟ್ಟವರ ಕಡೆಗೂ ಒಂದು ಕಥೆ ಉಳಿಯುತ್ತದೆ ಎಂಬುದನ್ನು ನಾನು ಓದಿದ ಯಾವ ಪುಟವೂ ಇಷ್ಟು ನೇರವಾಗಿ ಹೇಳಿರಲಿಲ್ಲ. ಮರುದಿನ ಅವನಪ್ಪನಿಗೆ ಶಾಲೆಗೆ ಬಂದು ಒಂದು ದ್ರೌಪದಿಯ ಮಾತು ಹೇಳಿಕೊಡಲು ಸಾಧ್ಯವೇ ಎಂದು ಕೇಳಿ ಕಳಿಸಿದೆ. ಇನ್ನೂ ಬಂದಿಲ್ಲ.

ಇನ್ನೊಬ್ಬ ಕೇಳಿದ್ದು: “ಅವರ ಹೀರೋನ್ನ ನಾವ್ಯಾಕ ಬದಲಿ ಮಾಡೋದ್ರಿ? ನಮ್ದು ಹೊಸದು ಮಾಡಿದ್ರ ಆಗಂಗಿಲ್ಲೇನು?” ಹೊಸ ನಾಯಕನನ್ನು ಜನ ನೋಡುವುದು ತಡ, ಹಳೆಯ ಮುಖವಾಡವನ್ನು ಎಲ್ಲರೂ ಆಗಲೇ ನೋಡುತ್ತಿರುತ್ತಾರೆ ಎಂದೆ. ಅವನಿಗೆ ಒಪ್ಪಿಗೆಯಾಗಲಿಲ್ಲ. ನನಗೂ ಪೂರ್ತಿ ಒಪ್ಪಿಗೆಯಾಗಿಲ್ಲ. ಪ್ರಶ್ನೆಯನ್ನು ಹಾಗೇ ಕಪ್ಪುಹಲಗೆಯ ಮೂಲೆಯಲ್ಲಿ ಬಿಟ್ಟೆವು.

ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ ಕೊಟ್ಟೆ, ಸಹಪಾಠಿಗಳು ಬಳಸಬಹುದು: ಜೇಡ ಕಚ್ಚಿ ಶಕ್ತಿ ಬಂದ ಸ್ಪೈಡರ್‌ಮ್ಯಾನ್‌ಗೆ ಮಗುವಾದರೆ ಅದಕ್ಕೂ ಆ ಶಕ್ತಿ ಇರುತ್ತದೆಯೇ? ಸ್ಟಾರ್ಮ್‌ಳ ಮಗುವಿಗೆ? ಕಚ್ಚಿ ಬಂದದ್ದು ಗಳಿಸಿದ ಗುಣ, ಆದ್ದರಿಂದ ಇಲ್ಲ ಎಂದು ಹೆಚ್ಚಿನವರು ಬರೆದರು. ಏಳು ಮಕ್ಕಳು ಮಾತ್ರ ‘ಲಿಂಗಾಣುವಿನ ಡಿಎನ್‌ಎ ಬದಲಾಗಿದ್ದರೆ ಹೌದು, ದೇಹದ ಬೇರೆ ಕೋಶಗಳು ಮಾತ್ರ ಬದಲಾಗಿದ್ದರೆ ಇಲ್ಲ’ ಎಂದು ಬಿಡಿಸಿ ಬರೆದಿದ್ದರು. ಆ ಏಳರಲ್ಲಿ ಮುಖ ಖಾಲಿ ಬಿಟ್ಟಿದ್ದವಳೂ ಒಬ್ಬಳು. ಬಿಸಿಲಿಗೆ ಕಪ್ಪಾದ ಮುಂಗೈ ಮಗುವಿಗೆ ಬರುತ್ತದೆಯೇ ಎಂಬ ಉಪಪ್ರಶ್ನೆಗೆ ತಪ್ಪು ಉತ್ತರ ಬರೆದವರು ಯಾರೂ ಇಲ್ಲ.

ಒಂದು ಪಿರಿಯಡ್‌ನಲ್ಲಿ ಇದನ್ನು ಮಾಡಲು ಹೋಗಬೇಡಿ. ಮಣ್ಣು ಕಲಸುವುದನ್ನು ಬ್ಯಾಗ್‌ರಹಿತ ಶನಿವಾರಕ್ಕೆ ಇಟ್ಟುಕೊಂಡರೆ ಒಳ್ಳೆಯದು. ಎಕ್ಸ್‌-ಮೆನ್ ಕಥೆ ಐದು ನಿಮಿಷ ಮೀರಬಾರದು. ಕ್ರೇಯಾನ್ಸ್ ಪೆಟ್ಟಿಗೆಗಳನ್ನು ಶಾಲೆಗೇ ಬಿಟ್ಟು ಬಂದಿದ್ದೇನೆ. ಕೊನೆಯ ದಿನ ನೋಡಿದಾಗ ಗುಲಾಬಿ ಕಡ್ಡಿಯ ಸುತ್ತಿನ ಕಾಗದದ ಮೇಲೆ ಯಾರೋ ಪೆನ್ನಿನಿಂದ ‘ಒಬ್ಬರದು’ ಎಂದು ಬರೆದಿದ್ದರು, ಕಂದು ಕಡ್ಡಿಯ ಮೇಲೂ ಹಾಗೇ.